ಜೇಜುರಿ ದಾರಿಯಲ್ಲಿ ಕಂಡ ಕಜ್ಜಿ ನರಿ

ಅವ್ವ ಊರಿನಿಂದ ಪುಣೆಗೆ ಬಂದಳೆಂದರೆ ಒಂದು ಭಾನುವಾರ ಜೇಜುರಿಗೆ ಮೀಸಲು. ನಮ್ಮದು ಇಂಡಿ ತಾಲ್ಲೂಕಿನ ಹಳ್ಳಿ, ಮನೆದೇವರು ಮೈಲಾರಲಿಂಗ. ಮರಾಠಿಗರ ಖಂಡೋಬಾ ಬೇರೆ ದೇವರು ಅಂತ ಅವ್ವನಿಗೆ ಯಾವತ್ತೂ ಅನ್ನಿಸಿಲ್ಲ. ಜೇಜುರಿ ಗುಡ್ಡದ ಮೆಟ್ಟಿಲು ಹತ್ತುವಾಗ ಸುತ್ತಲಿನವರು “ಯೇಳಕೋಟ, ಯೇಳಕೋಟ” ಎಂದು ಕೂಗಿದರೆ ಇವಳು “ಏಳುಕೋಟಿಗೋ” ಅನ್ನುತ್ತಾಳೆ. ಮಂಗಸೂಳಿಯಲ್ಲಿ, ದೇವರಗುಡ್ಡದಲ್ಲಿ, ಹೂವಿನಹಡಗಲಿಯ ಮೈಲಾರದಲ್ಲಿ ಕೇಳಿದ ಕೂಗೇ ಇಲ್ಲಿಯೂ ಅರಿಶಿಣದ ಭಂಡಾರದ ನಡುವೆ ಕೇಳುತ್ತದೆ.

ಈ ದೇವರ ಜೊತೆ ಕುದುರೆ ಇರುತ್ತದೆ, ನಾಯಿಯೂ ಇರುತ್ತದೆ. ನಮ್ಮ ಕಡೆಯ ಗೊರವಯ್ಯಗಳು ದೇವರ ನಾಯಿಗಳಾಗಿ ಬೊಗಳುತ್ತಾ ದೋಣಿಯಲ್ಲಿ ಹಾಕಿದ ಪ್ರಸಾದ ತಿನ್ನುವುದನ್ನು ಚಿಕ್ಕಂದಿನಲ್ಲಿ ಹೆದರಿಕೊಂಡು ನೋಡಿದ್ದೇನೆ. ಜೇಜುರಿಯ ವಾಘ್ಯಾಗಳದ್ದೂ ಅದೇ ಬಳಗ. ಹಾಗಾಗಿ ಮೈಲಾರನ ಒಕ್ಕಲಾದ ನಮ್ಮ ಮನೆಯಲ್ಲಿ ನಾಯಿಗೆ ಕಲ್ಲು ಹೊಡೆಯುವಂತಿಲ್ಲ. ಮುಂದೆ ಹೇಳುವ ವಿಷಯಕ್ಕೆ ಇದು ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಕಳೆದ ಜನವರಿಯ ಒಂದು ಭಾನುವಾರ ಅವ್ವ, ನಾನು, ಎಂಟು ವರ್ಷದ ಮಗಳು ಮೂವರೂ ಹೊರಟೆವು. ಹೆಂಡತಿಗೆ ಆಫೀಸಿನಲ್ಲಿ ರಿಲೀಸ್ ಇತ್ತು. ಹಡಪಸರ ದಾಟಿ ದಿವೆ ಘಾಟು ಹತ್ತಿ, ಕೆಳಗೆ ಮಸ್ತಾನಿ ಕೆರೆ ನೋಡಿ, ಸಾಸವಡದಲ್ಲಿ ಚಹಾ ಕುಡಿದು, ಹನ್ನೊಂದರ ಹೊತ್ತಿಗೆ ದರ್ಶನ ಮುಗಿಸಿದೆವು. ಊಟವಾದ ಮೇಲೆ ಮೋರಗಾವಿನ ಗಣಪತಿಗೂ ಕೈಮುಗಿದು, ಅಲ್ಲಿಂದ ಸುಪೆ ಕಡೆಗೆ ಕಾರು ತಿರುಗಿಸಿದೆ. “ಇನ್ನೆಲ್ಲಿಗೋ?” ಅಂದಳು ಅವ್ವ. “ನಮ್ಮ ಪ್ಲಾಟು ತೋರಿಸ್ತೀನಿ ಬಾ” ಅಂದೆ.

ಪುಣೆಯ ಐಟಿಯವರಿಗೆ ಈ ಪ್ಲಾಟಿನ ಹುಚ್ಚು ಹೇಗೆ ಹತ್ತುತ್ತದೆ ಎಂದು ಬೆಂಗಳೂರು, ಹೈದರಾಬಾದಿನ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಪುರಂದರದಲ್ಲಿ ವಿಮಾನ ನಿಲ್ದಾಣ ಬರುತ್ತದೆ, ರಿಂಗ್ ರೋಡ್ ಬರುತ್ತದೆ ಎಂದು ಏಜೆಂಟರು ಹೇಳಿದರು. ಐದು ವರ್ಷದ ಹಿಂದೆ ಸಹೋದ್ಯೋಗಿಗಳ ಜೊತೆ ನಾನೂ ಎರಡು ಗುಂಟೆ ಎನ್‌ಎ ಪ್ಲಾಟು ತೆಗೆದುಕೊಂಡೆ. “ಪಡಾ ಜಾಗ ಸಾರ್, ಏನೂ ಬೆಳೆಯಲ್ಲ, ಏನೂ ಇಲ್ಲ” ಎಂದಿದ್ದ ಏಜೆಂಟ. ಹೋಗಿ ನೋಡಿದಾಗ ನನಗೂ ಏನೂ ಕಾಣಿಸಿರಲಿಲ್ಲ. ಕಲ್ಲು, ಮೊಣಕಾಲೆತ್ತರದ ಒಣ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬಾರಿ ಗಿಡ. ಮರಾಠಿಯಲ್ಲಿ ಇದಕ್ಕೆ ಮಾಳರಾನ ಅನ್ನುತ್ತಾರೆ. ನಮ್ಮ ಗೋಮಾಳದ ಮಾಳವೇ.

ಲೇಔಟಿನಲ್ಲಿ ಅರವತ್ತು ಪ್ಲಾಟುಗಳಿವೆ, ಮನೆ ಎದ್ದಿರುವುದು ಮೂರು. ಕಾವಲಿಗೆ ಸೇಡಂ ಕಡೆಯ ಒಬ್ಬ ಹಿರಿಯರು ಹೆಂಡತಿಯೊಂದಿಗೆ ತಗಡಿನ ಶೆಡ್ಡಿನಲ್ಲಿದ್ದಾರೆ. ಕನ್ನಡದವರೆಂದು ಗೊತ್ತಾದ ದಿನದಿಂದ ಅವರಿಗೆ ನಾನು ಕಾಕಾ ಅನ್ನುತ್ತೇನೆ, ಅವರು ನನಗೆ ಸಾಹೇಬ್ರು ಅನ್ನುವುದನ್ನು ಬಿಟ್ಟಿಲ್ಲ.

ಐದು ಗಂಟೆ ಸುಮಾರು. ಅವ್ವ ಪ್ಲಾಟಿನ ಮೂಲೆಯ ಗುರುತುಕಲ್ಲಿನ ಮೇಲೆ ಕೂತು, ಕಾಕಾನ ಹೆಂಡತಿಯ ಜೊತೆ ಜೋಳದ ಧಾರಣೆ ಮಾತಾಡುತ್ತಿದ್ದಳು. ಮಗಳು ಓಡಿ ಬಂದು ಕೈ ಹಿಡಿದೆಳೆದಳು. “ಅಪ್ಪಾ, ಅಲ್ಲಿ ಖೋಕಡ!”

ನಮ್ಮ ಭಾಷೆಯಲ್ಲಿ ಎರಡಕ್ಕೂ ನರಿ ಅಂದುಬಿಡುತ್ತೇವೆ. ಮರಾಠಿಯವರು ಊಳಿಡುವ ದೊಡ್ಡದಕ್ಕೆ ಕೋಲ್ಹಾ, ಬಯಲಿನ ಸಣ್ಣದಕ್ಕೆ ಖೋಕಡ ಎಂದು ಬೇರೆ ಮಾಡುತ್ತಾರೆ. ಖೋಕಡ ಎಂದರೆ ಭಾರತದ ಬಯಲು ನರಿ, ತೂಕ ಎರಡು ಮೂರು ಕಿಲೋ, ಹೆಚ್ಚೂಕಡಿಮೆ ಬೆಕ್ಕಿನಷ್ಟು. ತುದಿ ಕಪ್ಪಾದ ಪೊದೆಯಂಥ ಬಾಲವೇ ಅದರ ಗುರುತು. ಮಗಳು ಇದನ್ನೆಲ್ಲ ಶಾಲೆಯ ಪ್ರಾಜೆಕ್ಟಿಗೆ ಬರೆದಿದ್ದಳು.

ಆದರೆ ಶೆಡ್ಡಿನ ಹಿಂದಿನ ಕಸದ ಗುಂಡಿಯ ಹತ್ತಿರ ನಿಂತಿದ್ದ ಪ್ರಾಣಿಗೆ ಆ ಬಾಲ ಇರಲಿಲ್ಲ. ಹಳೆಯ ಹಗ್ಗದಂಥದ್ದೇನೋ ಜೋತಾಡುತ್ತಿತ್ತು. ಹಿಂದಿನ ತೊಡೆ, ಪಕ್ಕೆ, ಕಿವಿಯ ಅಂಚು ಎಲ್ಲ ಬೋಳು. ಬೂದು ಬಣ್ಣದ ಚರ್ಮ ಒಣಗಿ ಸೀಳಿದ ಕೆರೆಯ ತಳದಂತಿತ್ತು. ಕಣ್ಣು ಅರ್ಧ ಮುಚ್ಚಿದ್ದವು. ನಮ್ಮನ್ನು ನೋಡಿಯೂ ಓಡಲಿಲ್ಲ. ಹಿಂಗಾಲೆತ್ತಿ ಕುತ್ತಿಗೆ ಕೆರೆದುಕೊಳ್ಳುತ್ತಲೇ ಇತ್ತು. ಸಾಕಾದ ಮೇಲೆ ಹಿಂದಿನ ರವಿವಾರ ಯಾರೋ ಪಾರ್ಟಿ ಮಾಡಿ ಎಸೆದ ಬಿರಿಯಾನಿ ಪೊಟ್ಟಣಕ್ಕೆ ಬಾಯಿ ಹಾಕಿತು.

ಅವ್ವ ಎದ್ದು ಬಂದು ನೋಡಿದಳು. “ಕಜ್ಜಿ ಹತ್ತೇತಲ್ಲೋ ತಮ್ಮಾ ಇದಕ್ಕ.”

ಮಗಳು ಡಬ್ಬಿಯಲ್ಲಿದ್ದ ಚಪಾತಿ ತೆಗೆದಳು. ಅಷ್ಟರಲ್ಲಿ ಕಾಕಾನ ನಾಲ್ಕು ನಾಯಿಗಳು ಬೊಗಳುತ್ತಾ ಬಂದವು, ನರಿ ಹುಲ್ಲಿನೊಳಗೆ ಹೋಯಿತು. ಮುಂದೆ ಬಂದ ಕೆಂದು ನಾಯಿಯ ಕಿವಿ, ಮೊಣಕೈ ಕೂಡ ಬೋಳಾಗಿದ್ದನ್ನು ನಾನು ಆಗ ನೋಡಿದೆ. ಅದಕ್ಕೂ ಕೆರೆತ.

“ಎರಡು ತಿಂಗಳಾತ್ರಿ ಸಾಹೇಬ್ರ, ಅದಕ್ಕ ಹಂಗೇ ಅದ” ಅಂದರು ಕಾಕಾ. “ನನ್ ಹೆಂಡ್ತಿ ಕೈಗೂ ತುರಿ ಬಂದದ. ಬಿಸಲಿಗಿ ಅಂತ ಬಿಟ್ಟೀವಿ.” ನರಿಯನ್ನು ಕೇಳಿದೆ. “ಮದಲ ಎರಡು ಇದ್ದವು. ರಾತ್ರಿಗಷ್ಟೇ ಬರ್ತಿದ್ದವು. ಈಗ ಇದು ಹಗಲೇ ಬರ್ತದ.”

ಕತ್ತಲಾಗುವ ಮುಂಚೆ ಹೊರಟೆವು. ದಿವೆ ಘಾಟಿನ ಟ್ರಾಫಿಕ್ಕಿನಲ್ಲಿ ಅವ್ವ ಹಳೆಯ ಕಥೆ ತೆಗೆದಳು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಬೆರಳ ಸಂದಿಗೆ ಕಜ್ಜಿ ಹಿಡಿಸಿಕೊಂಡು ಬಂದಿದ್ದೆನಂತೆ. ಡಾಕ್ಟರರ ಮುಲಾಮು ಹಚ್ಚಿದರೆ ಹೋಗುವುದು, ಹದಿನೈದು ದಿನಕ್ಕೆ ಮತ್ತೆ ಬರುವುದು. ಕೊನೆಗೆ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಗುಡುಗಿದಳಂತೆ. ಒಂದೇ ದಿನ ಮನೆಯ ಹನ್ನೊಂದು ಮಂದಿಗೂ ಗಂಧಕ ಕೂಡಿಸಿದ ಕೊಬ್ಬರಿ ಎಣ್ಣೆ ಬಳಿದಳು. ಕೆರೆತ ಇದ್ದವರಿಗೂ ಇಲ್ಲದವರಿಗೂ. ಕೌದಿ, ಧೋತರ, ಸೀರೆ ಎಲ್ಲ ಹಂಡೆಯಲ್ಲಿ ಕುದಿಸಿದಳು. ವಾರ ಬಿಟ್ಟು ಮತ್ತೊಮ್ಮೆ ಅದನ್ನೇ ಮಾಡಿದಳು. “ಕಜ್ಜಿ ಮಂದಿದಲ್ಲ, ಮನಿದು ಅಂತಿದ್ಲು ನಿಮ್ಮ ಆಯಿ. ಒಬ್ಬರಿಗೆ ಹಚ್ಚಿದ್ರ ಹೋಗೂದಿಲ್ಲ.”

ಆ ರಾತ್ರಿ ಫೋಟೊಗಳನ್ನು ನನ್ನ ಹಾಸ್ಟೆಲ್ ಗೆಳೆಯನೊಬ್ಬನಿಗೆ ಕಳಿಸಿದೆ. ಅವನು ಪಶುವೈದ್ಯ. ಅವನು ಹೇಳಿದ್ದನ್ನೂ, ಆಮೇಲೆ ನಾನು ಓದಿಕೊಂಡದ್ದನ್ನೂ ಇಲ್ಲಿ ಸಂಗ್ರಹಿಸುತ್ತೇನೆ.

ಈ ಕಜ್ಜಿಗೆ ಕಾರಣ ಸಾರ್ಕಾಪ್ಟಿಸ್ ಸ್ಕೇಬಿಯೈ ಎಂಬ ನುಸಿ. ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಎಂಟು ಕಾಲಿನದು, ಉಣ್ಣೆ ಮತ್ತು ಜೇಡಗಳ ದೂರದ ನೆಂಟ. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆಯುತ್ತಾ ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಎರಡು ಮೂರು ವಾರ ಸಾಕು. ಇಟಲಿಯ ಬೊನೊಮೊ ಮತ್ತು ಚೆಸ್ತೋನಿ 1687ರಲ್ಲೇ ಸೂಕ್ಷ್ಮದರ್ಶಕದಲ್ಲಿ ಇದನ್ನು ನೋಡಿ, ಕಜ್ಜಿಗೆ ಈ ಜೀವಿಯೇ ಕಾರಣ ಎಂದು ಬರೆದಿಟ್ಟರು. ಒಂದು ರೋಗಕ್ಕೆ ಕಣ್ಣಿಗೆ ಕಾಣದ ಜೀವಿಯೊಂದು ಕಾರಣ ಎಂದು ತೋರಿಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೂ ಒಂದು.

ಜಾತಿ ಒಂದೇ ಆದರೂ ಒಂದೊಂದು ಪ್ರಾಣಿಗೆ ಒಗ್ಗಿಕೊಂಡ ಬಗೆಗಳಿವೆ. ನಾಯಿಯ ಬಗೆ ಮನುಷ್ಯರ ಚರ್ಮದಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಕೆಲವು ವಾರ ತುರಿಸಿ ಹೋಗುತ್ತದೆ. ಕಾಕಾನ ಹೆಂಡತಿಗೆ ಆಗಿದ್ದು ಇದೇ ಇರಬಹುದು, ಆದರೂ ಡಾಕ್ಟರಿಗೆ ತೋರಿಸಲಿ ಅಂದ. ನಾಯಿ, ನರಿ, ತೋಳ ಎಲ್ಲ ಒಂದೇ ಕುಟುಂಬದವು, ಅಲ್ಲಿ ದಾಟುವುದು ಸುಲಭ.

ನುಸಿ ನೇರವಾಗಿ ಕೊಲ್ಲುವುದಿಲ್ಲ. ಕೆರೆದು ಕೆರೆದು ಗಾಯವಾಗುತ್ತದೆ, ಗಾಯಕ್ಕೆ ಕೀವು ತುಂಬುತ್ತದೆ. ಕೂದಲು ಉದುರಿದ ಮೈಗೆ ಜನವರಿಯ ರಾತ್ರಿಯ ಚಳಿ ತಡೆಯದು. ಕಣ್ಣಿನ ಸುತ್ತ ಹೊಪ್ಪಳೆ ಕಟ್ಟಿದರೆ ಇಲಿ, ಮಿಡತೆ ಹಿಡಿಯಲಾಗದು. ಆಗ ನರಿ ಹಗಲಿನಲ್ಲೇ ಮನೆಗಳ ಹತ್ತಿರ, ಕಸದ ಹತ್ತಿರ ಬರುತ್ತದೆ. ನಾವು ಅದನ್ನು ನೋಡಿ “ಹೆದರಿಕೆ ಬಿಟ್ಟಿದೆ” ಅಂದುಕೊಳ್ಳುತ್ತೇವೆ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಹೊರಗಿನ ಉದಾಹರಣೆಗಳಿವೆ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕೆಂಪು ನರಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದರು. 1994ರಲ್ಲಿ ಅಲ್ಲಿಗೆ ಕಜ್ಜಿ ಬಂತು. ಸುಮಾರು ಎರಡು ವರ್ಷದಲ್ಲಿ ನರಿಗಳ ಸಂಖ್ಯೆ ನೂರಕ್ಕೆ 95ಕ್ಕಿಂತ ಹೆಚ್ಚು ಕುಸಿಯಿತು. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಹಬ್ಬಿದಾಗ ನರಿಗಳು ಕಮ್ಮಿಯಾಗಿ ಮೊಲಗಳು ಹೆಚ್ಚಿದವು. ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಊರಿನ ಕಿಟ್ ಫಾಕ್ಸ್‌ಗಳದ್ದು ನಮ್ಮ ಖೋಕಡಕ್ಕೆ ಹತ್ತಿರದ ಕಥೆ. ಅವೂ ಎರಡು ಮೂರು ಕಿಲೋದ ಬಯಲು ನರಿಗಳೇ. 2013ರಲ್ಲಿ ಕಜ್ಜಿ ಕಾಣಿಸಿದಾಗ ಹಿಡಿದು ಔಷಧಿ ಕೊಟ್ಟು ಬಿಟ್ಟರು. ಬಿಟ್ಟವುಗಳಲ್ಲಿ ಕೆಲವಕ್ಕೆ ಮತ್ತೆ ಹತ್ತಿತು, ಏಕೆಂದರೆ ಅವು ಒಂದರ ಬಿಲ ಇನ್ನೊಂದು ಬಳಸುತ್ತವೆ. ಬಿಸಿಲಿಗೆ ಬಿದ್ದ ನುಸಿ ಬೇಗ ಸಾಯುತ್ತದೆ, ತಂಪು ಬಿಲದಲ್ಲಿ ಹೆಚ್ಚು ದಿನ ಉಳಿಯುತ್ತದೆ. ಓದುವಾಗ ಆಯಿಯ ಕೌದಿ ಕುದಿಸುವ ಹಂಡೆ ನೆನಪಾಯಿತು. ನರಿಯ ಬಿಲವನ್ನು ಯಾರು ಕುದಿಸುತ್ತಾರೆ?

ನಮ್ಮ ಮಾಳದಲ್ಲಿ ನಾಯಿ ಮತ್ತು ನರಿಯ ಸಂಬಂಧವನ್ನು ಹತ್ತಿರದಿಂದ ನೋಡಿದ ಕೆಲಸವೊಂದಿದೆ. ಅದು ನಡೆದದ್ದು ನಮ್ಮೂರಿನ ಪಕ್ಕದಲ್ಲೇ ಎನ್ನಬೇಕು, ಸೊಲ್ಲಾಪುರದ ನನ್ನಜ್ ಮಾಳಢೋಕ್ ಅಭಯಾರಣ್ಯದ ಸುತ್ತ. ಅಬಿ ತಮೀಮ್ ವನಕ್ ಅಲ್ಲಿ ಬಯಲು ನರಿಗಳಿಗೆ ರೇಡಿಯೊ ಕಾಲರ್ ಹಾಕಿ ಓಡಾಟ ಗುರುತಿಸಿದರು. ನರಿಗಳು ನೆಡುತೋಪುಗಳನ್ನು ಬಿಟ್ಟು ಸಹಜ ಹುಲ್ಲುಗಾವಲನ್ನೇ ಆರಿಸಿಕೊಳ್ಳುತ್ತವೆ, ನಾಯಿಗಳಿರುವ ಕಡೆ ಹೋಗಲು ಹಿಂಜರಿಯುತ್ತವೆ, ನಾಯಿ ಎದುರಿಗಿದ್ದರೆ ಇಟ್ಟ ಆಹಾರವನ್ನೂ ಕಮ್ಮಿ ತಿನ್ನುತ್ತವೆ ಎಂದು ಕಂಡಿತು. ಅನಿರುದ್ಧ ಬೇಲ್ಸರೆ ಮತ್ತು ಸಂಗಡಿಗರು ಅದೇ ಸೀಮೆಯ ನಾಯಿ, ನರಿಗಳ ರಕ್ತ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಡಿಸ್ಟೆಂಪರ್, ಪಾರ್ವೊ ವೈರಸ್‌ಗಳು ಹಳ್ಳಿಯ ನಾಯಿಗಳಲ್ಲಿ ತುಂಬಾ ಹರಡಿದ್ದವು, ಸೋಂಕಿನ ಗುರುತು ನರಿಗಳಲ್ಲೂ ಇತ್ತು. ಅದು ವೈರಸ್ಸಿನ ಮಾತು, ನುಸಿಯದ್ದಲ್ಲ. ಆದರೆ ಕಸದ ಗುಂಡಿಯ ಹತ್ತಿರ ನಾಯಿ ನರಿ ಸೇರುವ ಜಾಗ ಎರಡಕ್ಕೂ ಒಂದೇ.

ಗಮನಿಸಿದರೆ ಆ ಜಾಗ ಮಾಡಿಕೊಟ್ಟವರು ನಾವೇ. ಮಾಳವನ್ನು ಪಡಾ ಜಾಗ ಅನ್ನುವುದು ಏಜೆಂಟ ಮಾತ್ರವಲ್ಲ. ದೇಶದ ಪಾಳುಭೂಮಿ ನಕಾಶೆಯಲ್ಲಿ ಇಂಥ ಹುಲ್ಲುಗಾವಲುಗಳು ಬಹುಪಾಲು ಪಾಳು ಎಂದೇ ಇವೆ. ದೇವರಗುಡ್ಡಕ್ಕೆ ಹೋಗುವವರು ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡಿರುತ್ತೀರಿ. 1974ರಲ್ಲಿ ಘೋಷಣೆಯಾದ 119 ಚದರ ಕಿಲೋಮೀಟರಿನ ಆ ಬಯಲಿನಲ್ಲೂ ನೀಲಗಿರಿ ತೋಪುಗಳೇ ಕಾಣುತ್ತವೆ. ನಮ್ಮ ಪ್ಲಾಟಿನಿಂದ ಅನತಿ ದೂರದಲ್ಲಿರುವ ಸುಪೆಯ ಮಯೂರೇಶ್ವರ ಅಭಯಾರಣ್ಯ ಐದು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಚಿಂಕಾರ, ತೋಳ, ಕತ್ತೆಕಿರುಬ, ನರಿ ಇವೆಲ್ಲ ಅದರ ಹೊರಗಿನ ಮಾಳದಲ್ಲೂ ಓಡಾಡಿಕೊಂಡೇ ಬದುಕಬೇಕು. ಮಹಾರಾಷ್ಟ್ರ ಅರಣ್ಯ ಇಲಾಖೆ ಈಚೆಗೆ ಇಂದಾಪುರದ ಕಡಬನವಾಡಿ, ಬಾರಾಮತಿಯ ಶಿರ್ಸುಫಳಗಳಲ್ಲಿ ಹುಲ್ಲುಗಾವಲು ಸಫಾರಿ ಶುರುಮಾಡಿದೆ. ದುಡ್ಡು ಕೊಟ್ಟು ಜೀಪಿನಲ್ಲಿ ಕೂತು ನೋಡುವ ಪ್ರಾಣಿ ನನ್ನ ಪ್ಲಾಟಿನಲ್ಲಿ ಕಜ್ಜಿ ಹತ್ತಿಸಿಕೊಂಡು ಬಿರಿಯಾನಿ ತಿನ್ನುತ್ತಿತ್ತು.

ಮರುದಿನ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ ಜಾಗ ಬರೆಸಿದೆ. ಪುಣೆಯಲ್ಲಿ ಗಾಯಗೊಂಡ ಕಾಡುಪ್ರಾಣಿಗಳ ಚಿಕಿತ್ಸೆಗೆ ಬಾವಧನದಲ್ಲಿ ರೆಸ್ಕ್ಯೂ ಚಾರಿಟಬಲ್ ಟ್ರಸ್ಟ್ ಇಲಾಖೆಯೊಂದಿಗೆ ಕೇಂದ್ರ ನಡೆಸುತ್ತದೆ ಎಂಬುದೂ ಆಗಲೇ ತಿಳಿದದ್ದು. ವನರಕ್ಷಕರೊಬ್ಬರು ಬಂದು ಬಿಲಗಳನ್ನು ನೋಡಿದರು. ನರಿ ಸಿಗಲಿಲ್ಲ.

ನನಗೆ ಆತುರ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಐವರ್ಮೆಕ್ಟಿನ್ ಕಜ್ಜಿಗೂ ಔಷಧಿ ಅಲ್ಲವೇ, ಮಾಂಸದಲ್ಲಿಟ್ಟು ಬಿಲದ ಬಾಯಿಗೆ ಇಡಲೇ ಎಂದು ಗೆಳೆಯನನ್ನು ಕೇಳಿದೆ. ಅವನು ಬೈದ. ಅದನ್ನು ಯಾರು ತಿನ್ನುತ್ತಾರೆ, ಎಷ್ಟು ತಿನ್ನುತ್ತಾರೆ ಯಾರಿಗೆ ಗೊತ್ತು? ಕೆಲವು ತಳಿಯ ನಾಯಿಗಳಿಗೆ ಅದು ವಿಷವೇ. ಕಾಡುಪ್ರಾಣಿಗೆ ಔಷಧಿ ಕೊಡುವುದು, ಹಿಡಿಯುವುದು ಇಲಾಖೆಯ ಅನುಮತಿ ಇರುವವರ ಕೆಲಸ. “ನಿನ್ನ ಕೈಯಲ್ಲಿರೋದು ನಾಯಿ. ಅದನ್ನ ಮೊದಲು ನೋಡು” ಅಂದ. ಫೆಬ್ರುವರಿಯಿಂದ ಏಪ್ರಿಲ್ ಬಯಲು ನರಿ ಮರಿ ಹಾಕುವ ಕಾಲ, ತಾಯಿಗಿದ್ದರೆ ಬಿಲದಲ್ಲೇ ಮರಿಗಳಿಗೂ ಹತ್ತುತ್ತದೆ, ತಡಮಾಡಬೇಡ ಎಂದೂ ಹೇಳಿದ.

ಪ್ಲಾಟುದಾರರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ತಪ್ಪು ಮಾಡಿದೆ ಅನ್ನಿಸಿತು. ಅರ್ಧ ಗಂಟೆಯಲ್ಲಿ ನಲವತ್ತು ಮೆಸೇಜು. ಇದು ರೇಬೀಸ್ ಇರಬಹುದು ಅಂದರು ಒಬ್ಬರು. ನಾಯಿಗಳನ್ನೆಲ್ಲ ಎತ್ತಿಸಿ ಅಂದರು ಇನ್ನೊಬ್ಬರು. ಪೂರ್ತಿ ಕಾಂಪೌಂಡ್ ಕಟ್ಟಿ, ಬಿಲ ಮುಚ್ಚಿ, ಜೆಸಿಬಿ ತರಿಸಿ ಎಂಬ ಮಾತಿಗೆ ಹದಿನಾರು ಥಂಬ್ಸ್ ಅಪ್ ಬಿದ್ದವು. ನಾಯಿ ಎತ್ತಿಸಿದರೆ ನಾವು ಹೋಗುತ್ತೇವೆ ಅಂದರು ಕಾಕಾ. ಅವರದೂ ನ್ಯಾಯವೇ. ರಾತ್ರಿ ಆ ಬಯಲಲ್ಲಿ ಇಬ್ಬರೇ ಮುದುಕರು, ಕಳ್ಳರ ಭಯ, ಚಿರತೆಯ ಭಯ. ನಾಯಿಗಳೇ ಅವರ ಬಾಗಿಲು. ಮೈಲಾರನ ಒಕ್ಕಲಿನವಳಾದ ಅವ್ವ ಇದನ್ನೆಲ್ಲ ಕೇಳಿ, “ನಾಯಿ ಕಳಸೂದಲ್ಲೋ, ನಾಯಿಗೆ ಔಷಧ ಹಾಕೂದು” ಅಂದಳು.

ಕೊನೆಗೆ ಏಳು ಜನ ಪ್ಲಾಟುದಾರರು ದುಡ್ಡು ಸೇರಿಸಿದೆವು. ಎರಡನೇ ಭಾನುವಾರ ಗೆಳೆಯ ಸುಪೆಯ ಸ್ಥಳೀಯ ಪಶುವೈದ್ಯರೊಬ್ಬರನ್ನು ಕರೆದುಕೊಂಡು ಬಂದ. ಕೆಂದು ನಾಯಿಯ ಕಿವಿಯಂಚು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ದುಂಡಗಿನ, ಮೋಟು ಕಾಲಿನ ನುಸಿ. ಕೆಲವೊಮ್ಮೆ ಎಷ್ಟು ಕೆರೆದರೂ ಸಿಗುವುದಿಲ್ಲವಂತೆ, ನಮಗೆ ಮೊದಲ ಸಲಕ್ಕೇ ಸಿಕ್ಕಿತು. ಮಗಳು ಕಣ್ಣು ತೆಗೆಯಲೇ ಇಲ್ಲ. ರೋಗವಿದ್ದ ಒಂದಕ್ಕೆ ಮಾತ್ರವಲ್ಲ, ನಾಲ್ಕೂ ನಾಯಿಗಳಿಗೆ ತೂಕ ನೋಡಿ ಮಾತ್ರೆ ತಿನ್ನಿಸಿದರು. ಪಕ್ಕದ ಧನಗರ ಹಟ್ಟಿಯ ಮೂರು ನಾಯಿಗಳಿಗೂ ಕುರಿಗಾರರ ಒಪ್ಪಿಗೆ ಪಡೆದು ಕೊಟ್ಟರು. ರೇಬೀಸ್, ಡಿಸ್ಟೆಂಪರ್ ಲಸಿಕೆ ಹಾಕಿದರು. ನಾಯಿಗಳು ಮಲಗುವ ಗೋಣಿಚೀಲ ಸುಟ್ಟೆವು. ಕಾಕಾನ ಹೆಂಡತಿ ಹಾಸಿಗೆಗಳನ್ನು ಬಿಸಿನೀರಲ್ಲಿ ಅದ್ದಿದರು. ಅವರನ್ನು ಡಾಕ್ಟರಿಗೆ ತೋರಿಸಿದೆವು. ಕಸದ ಗುಂಡಿ ಮುಚ್ಚಿ, ಮುಚ್ಚಳದ ಡ್ರಮ್ ಇಟ್ಟು, ಪಾರ್ಟಿ ಮಾಡುವವರು ಕಸ ವಾಪಸ್ ಒಯ್ಯಬೇಕೆಂದು ಬೋರ್ಡು ಹಾಕಿದೆವು. ಬೋರ್ಡಿನ ಕೆಳಗೇ ಮುಂದಿನ ವಾರ ಎರಡು ಬಾಟಲಿ ಬಿದ್ದಿದ್ದವು.

ಜೆಸಿಬಿ ಸದ್ಯಕ್ಕೆ ನಿಂತಿದೆ. ಲೇಔಟಿನ ಉತ್ತರದ ತುದಿಯಲ್ಲಿ, ಬಿಲಗಳಿರುವ ಕಡೆ, ಕಾಂಪೌಂಡ್ ಬೇಡ ಎಂದು ನಾವು ಏಳು ಜನ ಬರೆದುಕೊಟ್ಟಿದ್ದೇವೆ. ಉಳಿದವರು ಒಪ್ಪಿಲ್ಲ. ಪ್ಲಾಟಿನ ಬೆಲೆ ಇಳಿಯುತ್ತದೆ ಅನ್ನುತ್ತಾರೆ. ಇಳಿಯಬಹುದು. ನನ್ನ ಕಂತು ಇನ್ನೂ ಮೂರು ವರ್ಷ ಇದೆ, ಆ ಲೆಕ್ಕ ನನಗೂ ಚುಚ್ಚುತ್ತದೆ.

ಮಾರ್ಚಿಯಲ್ಲಿ ಕಾಕಾ ಫೋನ್ ಮಾಡಿದರು. ಕೆಂದು ನಾಯಿಗೆ ಕೂದಲು ಬರುತ್ತಿದೆ, ಹೆಂಡತಿಯ ತುರಿ ಹೋಗಿದೆ. ಉತ್ತರದ ಬಿಲದ ಹತ್ತಿರ ಸಂಜೆ ಒಂದು ನರಿ ಕೂತಿತ್ತು, ಬಾಲ ತುಂಬಿದ ನರಿ. “ಅದೇ ಏನ್ರಿ ಕಾಕಾ?” ಅಂದೆ. “ಅದಲ್ರಿ ಸಾಹೇಬ್ರ. ಅದರ ಜೋಡಿ ಇತ್ತಲ್ರಿ, ಅದು. ಬೋಳಂದು ಮತ್ತ ಕಂಡಿಲ್ರಿ.”

ಮಗಳಿಗೆ ಎರಡನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಇನ್ನೊಂದಕ್ಕೆ ಹತ್ತದಂತೆ ನಾಯಿಗಳಿಗೆ ಮುಂದಿನ ಮಾತ್ರೆ ಯಾವಾಗ ಎಂದು ಕೇಳಿದಳು. ತಾರೀಖು ನೋಡಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಊರಿಗೆ ಫೋನ್ ಮಾಡಿ ಅವ್ವನಿಗೂ ತಿಳಿಸಿದೆ.

ಪುಣೆ, ಬೆಂಗಳೂರು, ಹೈದರಾಬಾದುಗಳ ಅಂಚಿನಲ್ಲಿ “ಏನೂ ಇಲ್ಲದ” ಜಾಗ ಕೊಂಡಿರುವ ನಮ್ಮವರು ಬಹಳ ಮಂದಿ ಇದ್ದೀರಿ. ಮುಂದಿನ ಸಲ ಪ್ಲಾಟು ನೋಡಲು ಹೋದಾಗ ಸಂಜೆಯವರೆಗೆ ಇರಿ. ಕಾವಲಿನವರ ನಾಯಿಗಳ ಕಿವಿ ನೋಡಿ, ಕಸ ಎಲ್ಲಿ ಬೀಳುತ್ತದೆ ನೋಡಿ. ಬೋಳು ಬಾಲದ ನರಿ ಕಂಡರೆ ಚಪಾತಿ ಎಸೆಯಬೇಡಿ, ಫೋಟೊ ತೆಗೆದು ಅರಣ್ಯ ಇಲಾಖೆಗೆ ಹೇಳಿ. ಆಮೇಲೆ ನಾಯಿಗಳಿಂದ ಕೆಲಸ ಶುರುಮಾಡಿ, ಒಂದೇ ದಿನ, ಎಲ್ಲಕ್ಕೂ.